ಹೋಳಿಗೆ ಹುಡುಕಿದರೆ ಪ್ರಬಂಧ ಸಿಗುವುದು ಯಾಕೆ?

ಯುಗಾದಿ ಹಿಂದಿನ ದಿನ. ಬೇಳೆ ಎಷ್ಟು, ಬೆಲ್ಲ ಎಷ್ಟು ಅಂತ ನೋಡೋಣವೆಂದು ಫೋನ್ ತೆಗೆಯುತ್ತೀರಿ. ಮೊದಲು ಸಿಕ್ಕಿದ ಪುಟ ತೆರೆದರೆ 'ಹೋಳಿಗೆ ಕರ್ನಾಟಕದ ಸಾಂಪ್ರದಾಯಿಕ ಸಿಹಿ ತಿನಿಸು' ಅಂತ ಶುರು. ಇದನ್ನು ಒಬ್ಬಟ್ಟು ಎಂದೂ ಕರೆಯುತ್ತಾರಂತೆ (ನಮಗೆ ಗೊತ್ತಿಲ್ವಾ?). ಆಮೇಲೆ 'ಹೋಳಿಗೆ ಮಾಡುವ ವಿಧಾನ', 'ಒಬ್ಬಟ್ಟು ಮಾಡುವುದು ಹೇಗೆ', 'ಬೇಳೆ ಹೋಳಿಗೆ ರೆಸಿಪಿ' ಅಂತ ಒಂದೇ ಮಾತಿಗೆ ಮೂರು ಪ್ಯಾರಾ. ಬೆಲ್ಲದ ಅಳತೆ ಸಿಗುವಷ್ಟರಲ್ಲಿ ಒಲೆ ಮೇಲಿನ ಬೇಳೆ ಉಕ್ಕಿರುತ್ತದೆ.

ಬರೆದವರಿಗೆ ಅಡುಗೆ ಬರುವುದಿಲ್ಲ ಅಂತಲ್ಲ. ಆ ಮೂರು ಪ್ಯಾರಾ ಬರೆದಿರುವುದು ನಿಮಗಲ್ಲ, ಗೂಗಲ್‌ಗೆ. ಹುಡುಕಿದಾಗ ತಮ್ಮ ಪುಟ ಮೇಲೆ ಬರಲಿ ಅಂತ ಮಾಡುವ ಈ ಕೆಲಸಕ್ಕೆ ಎಸ್‌ಇಒ ಅಂತಾರೆ.

1994ರಲ್ಲಿ ಯಾಹೂ ಶುರುವಾದಾಗ ವೆಬ್‌ಸೈಟ್‌ಗಳ ಪಟ್ಟಿಯನ್ನು ಮನುಷ್ಯರೇ ಕೂತು ಮಾಡುತ್ತಿದ್ದರು. 1995ರ ಕೊನೆಗೆ ಆಲ್ಟಾವಿಸ್ಟಾ ಎಂಬ ಹುಡುಕುಯಂತ್ರ ಬಂತು. ಆ ಕಾಲದ ಹುಡುಕುಯಂತ್ರಗಳು ಪುಟದಲ್ಲಿರುವ ಪದಗಳನ್ನು ನೋಡಿಯೇ ಸ್ಥಾನ ಕೊಡುತ್ತಿದ್ದವು. ಗುಟ್ಟು ಗೊತ್ತಾದ ಕೂಡಲೇ ಜನ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ತುಂಬಿಸಿದರು. ಓದುವವರಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಬೇರೆ ದಾರಿ ಹಿಡಿದರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ವೋಟು ಹಾಕಿದ ಹಾಗೆ, ದೊಡ್ಡವರು ಹಾಕಿದ ವೋಟಿಗೆ ತೂಕ ಜಾಸ್ತಿ. 1998ರಲ್ಲಿ ಗೂಗಲ್ ಕಂಪನಿ ಹುಟ್ಟಿದ್ದು ಈ ಲೆಕ್ಕದ ಮೇಲೆಯೇ. ವೋಟು ಅಂದಮೇಲೆ ಖರೀದಿ ಇಲ್ಲದೆ ಇರುತ್ತದಾ? ಲಿಂಕ್ ಮಾರುವ ಅಂಗಡಿಗಳೇ ಎದ್ದವು. ಕಂಡ ಕಂಡ ಬ್ಲಾಗುಗಳ ಕಾಮೆಂಟಿನಲ್ಲೆಲ್ಲ ಲಿಂಕ್ ಅಂಟಿಸುವುದು ಎಷ್ಟು ಮಿತಿಮೀರಿತೆಂದರೆ, 'ಇದನ್ನು ವೋಟು ಅಂತ ಎಣಿಸಬೇಡಿ' ಎಂದು ಹೇಳುವ ಒಂದು ಗುರುತನ್ನೇ 2005ರಲ್ಲಿ ತರಬೇಕಾಯಿತು.

ಸ್ಥಾನ ಕೊಡುವ ಗೂಗಲ್ ಲೆಕ್ಕದಲ್ಲಿ 2011ರಲ್ಲಿ ಪಾಂಡಾ ಎಂಬ ಬದಲಾವಣೆ ಬಂತು, 2012ರಲ್ಲಿ ಪೆಂಗ್ವಿನ್. ಮುದ್ದಾದ ಹೆಸರುಗಳು, ಆದರೆ ಎಷ್ಟೋ ಸೈಟುಗಳು ರಾತ್ರೋರಾತ್ರಿ ಕೆಳಗೆ ಬಿದ್ದವು. ಪೆಂಗ್ವಿನ್ ಕೊಂಡ ಲಿಂಕುಗಳ ಬೆನ್ನು ಹತ್ತಿತು. ಪಾಂಡಾ ಜೊಳ್ಳು ಬರಹವನ್ನು ಕೆಳಗಿಳಿಸಿತು. ಜೊಳ್ಳು ಬೇಡ ಅಂದದ್ದನ್ನು ಧಂದೆಯವರು ಕೇಳಿಸಿಕೊಂಡದ್ದು 'ಉದ್ದ ಬರೆಯಿರಿ' ಅಂತ. ಪದಗಳ ಎಣಿಕೆ ನೋಡಿ ಸ್ಥಾನ ಕೊಡುವುದಿಲ್ಲ ಅಂತ ಗೂಗಲ್‌ನವರು ಆಮೇಲೆ ಹೇಳಿದ್ದಾರೆ, ಯಾರೂ ನಂಬಿದ ಹಾಗೆ ಕಾಣಲಿಲ್ಲ. ಪುಟ ಉದ್ದವಾದರೆ ನಡುವೆ ಜಾಹೀರಾತು ಹಾಕಲು ಜಾಗವೂ ಜಾಸ್ತಿ ಅಲ್ವಾ. ನಿಮ್ಮ ಹೋಳಿಗೆ ಪ್ರಬಂಧವಾಗಿದ್ದು ಹೀಗೆ.

ಇದೆಲ್ಲ ಇಂಗ್ಲಿಷಿನ ಕತೆ. ಕನ್ನಡದ್ದು ಬೇರೆಯೇ. ಅಲ್ಲಿ ಮೇಲೆ ಬರಲು ಜಗಳ ನಡೆಯುತ್ತಿದ್ದಾಗ ನಾವಿನ್ನೂ ಯಂತ್ರದ ಕಣ್ಣಿಗೇ ಬಿದ್ದಿರಲಿಲ್ಲ.

1998ರಲ್ಲಿ ಕನ್ನಡ ಕುಟ್ಟಲು 'ಬರಹ' ಎಂಬ ತಂತ್ರಾಂಶ ಬಂತು, ಸರ್ಕಾರಿ ಕಚೇರಿಗಳಿಗೆ ಅಂಥದ್ದೇ 'ನುಡಿ' ಬಂತು. ಕಂಪ್ಯೂಟರಿನಲ್ಲಿ ಕನ್ನಡ ಕಂಡು ನಾವೆಲ್ಲ ಹಿಗ್ಗಿದ್ದೇ ಹಿಗ್ಗು. ಆದರೆ ಆ ಹಳೆ ಫಾಂಟುಗಳಲ್ಲಿ ಕಾಣುತ್ತಿದ್ದದ್ದು ಮಾತ್ರ ಕನ್ನಡ, ಒಳಗೆ ಕೂತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳು. ಪರದೆ ಮೇಲೆ 'ಕ' ಅಂತ ಕಂಡರೆ ಫೈಲಿನೊಳಗೆ ಇಂಗ್ಲಿಷಿನ ದೊಡ್ಡ 'ಪಿ', ಪಕ್ಕದಲ್ಲಿ ತಲೆ ಮೇಲೊಂದು ಗೀಟಿರುವ 'ಎ'. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪುಟ ಚಿತ್ರವಿಚಿತ್ರ ಗುರುತುಗಳ ರಾಶಿ. ಯಂತ್ರ ಓದುತ್ತಿದ್ದದ್ದೂ ಅದನ್ನೇ. ಕೆಲವು ಸೈಟುಗಳು ಸುದ್ದಿಯನ್ನು ಚಿತ್ರ ಮಾಡಿ ಹಾಕುತ್ತಿದ್ದವು, ಅಲ್ಲಿ ಓದಲು ಅಕ್ಷರವೇ ಇಲ್ಲ. ವರ್ಷಗಟ್ಟಲೆ ಬರೆದ ಕನ್ನಡ ಹೀಗೆ ಹುಡುಕಿದರೂ ಸಿಗದ ಹಾಗೆ ಕೂತಿತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಫಾಂಟೂ ಇತ್ತು. ಆದರೂ ರೂಢಿ ಬಿಡಲು ನಾವು ತಡ ಮಾಡಿದೆವು. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಹಳೆ ಫಾಂಟಿನಲ್ಲಿ ಬರೆದ ಎಷ್ಟೋ ಫೈಲುಗಳನ್ನು ನಾನಿನ್ನೂ ಬದಲಿಸಿಲ್ಲ.

ಯೂನಿಕೋಡ್ ಬಂದ ಮೇಲೂ ತಂಟೆ ಮುಗಿಯಲಿಲ್ಲ. 'ರ‍್ಯಾಂಕ್' ಎನ್ನುವ ಪದವನ್ನೇ ನೋಡಿ. ಸುಮ್ನೆ ಕುಟ್ಟಿದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತದೆ. ಸರಿಯಾಗಿ ಬರಬೇಕೆಂದರೆ 'ರ' ಪಕ್ಕ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸಬೇಕು. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ ಪದ. ಲಿಂಕಿನ ವಿಳಾಸದಲ್ಲಿ ಕನ್ನಡ ಬಳಸಿದರೆ ಇನ್ನೊಂದು ತಮಾಷೆ. 'ಕನ್ನಡ' ಎಂಬ ಪುಟ್ಟ ಪದವಿರುವ ಲಿಂಕನ್ನು ಕಾಪಿ ಮಾಡಿ ಅಂಟಿಸಿದರೆ ಅದಷ್ಟೇ ಪದ 45 ಗುರುತುಗಳಷ್ಟು ಉದ್ದವಾಗುತ್ತದೆ. ಅದಕ್ಕೇ ಕನ್ನಡ ಸೈಟುಗಳ ವಿಳಾಸ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಹುಡುಕುವವರೂ ಅಷ್ಟೇ, ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕೊನೆಗೆ 'ಇನ್ ಕನ್ನಡ' ಅಂತ ಸೇರಿಸುತ್ತಾರೆ. ಶೀರ್ಷಿಕೆಗಳ ಕೊನೆಯಲ್ಲಿ ಅದೇ ಮಾತನ್ನು ತುರುಕುವ ಚಾಳಿ ಬಂದದ್ದು ಹೀಗೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಊರೂರಲ್ಲೂ ಜನ ಕನ್ನಡದಲ್ಲೇ ಹುಡುಕತೊಡಗಿದರು. ಹುಡುಕುವವರು ಜಾಸ್ತಿ, ಬರೆದಿಟ್ಟದ್ದು ಕಡಿಮೆ. ಇಂಗ್ಲಿಷಿನಲ್ಲಿ ಸಾವಿರ ಪುಟಗಳ ಜೊತೆ ಗುದ್ದಾಡಬೇಕಾದ ಕಡೆ ಕನ್ನಡದಲ್ಲಿ ನಾಲ್ಕೈದು ಪುಟ ಇದ್ದರೆ ಹೆಚ್ಚು. ಖಾಲಿ ಹೊಲ, ಬಿತ್ತಿದವರದ್ದೇ ಬೆಳೆ. ಅಷ್ಟರಲ್ಲಿ ಗೂಗಲ್ ಜಾಹೀರಾತು ಭಾರತೀಯ ಭಾಷೆಗಳಿಗೂ ಬರತೊಡಗಿತು. ಹಿಂದಿಗೆ 2014ರಲ್ಲಿ, ತಮಿಳು, ತೆಲುಗಿಗೆ 2018ರಲ್ಲಿ, ಕನ್ನಡಕ್ಕೆ ಅದಾದ ಮೇಲೆ. ಕಾಸು ಹುಟ್ಟಿದ ಕಡೆ ರೇಷನ್ ಕಾರ್ಡಿನಿಂದ ರಾಶಿಫಲದವರೆಗೆ ಒಂದೇ ಅಚ್ಚಿನ ಬರಹಗಳು ಸಾಲು ಸಾಲಾಗಿ ಬಂದವು. ಚೆನ್ನಾಗಿ ಬರೆಯುವವರು ಈ ಲೆಕ್ಕಾಚಾರ ಕಲಿಯಲಿಲ್ಲ. ಲೆಕ್ಕಾಚಾರ ಕಲಿತವರಿಗೆ ಚೆನ್ನಾಗಿ ಬರೆಯುವ ಪುರುಸೊತ್ತಿರಲಿಲ್ಲ.

ಇದು ಎಲ್ಲಿಗೆ ಮುಟ್ಟುತ್ತದೆ ಅಂತ ಇಡೀ ನಾಡಿಗೆ ಗೊತ್ತಾಗಿದ್ದು 2021ರ ಜೂನ್ 3ರಂದು. ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಮೇಲಿನ ಚೌಕದಲ್ಲಿ ಕನ್ನಡದ ಹೆಸರು ತೋರಿಸುತ್ತಿತ್ತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸ್ ಕೊಡುತ್ತೇವೆ ಅಂದರು. ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು. ಸಿಟ್ಟು ಬಂದದ್ದು ಸಹಜ. ಆದರೆ ಆ ಉತ್ತರ ಬಂದಿದ್ದು ಎಲ್ಲಿಂದ? ಹೆಸರು ನೋಡಿದರೆ ಸಾಲ ತೀರಿಸುವ ಸಲಹೆ ಕೊಡುವಂತಿದ್ದ ಒಂದು ಸೈಟಿನಿಂದ. ಇಂಥ ಹುಚ್ಚು ಪ್ರಶ್ನೆಗೆ ತಿಳಿದವರು ಉತ್ತರ ಬರೆಯುವುದಿಲ್ಲ. ಪ್ರಶ್ನೆಯ ಪದಗಳಿಗೆ ಹೊಂದುವ ಸಾಲು ಒಂದು ಕಡೆ ಸಿಕ್ಕಿತು, ಯಂತ್ರ ಅದನ್ನೇ ಎತ್ತಿ ಪೀಠದ ಮೇಲೆ ಕೂರಿಸಿತು. ಮಾರನೇ ದಿನ ಎಲ್ಲಿ ನೋಡಿದರೂ ಅದೇ ಪ್ರಶ್ನೆ ಹೆಡ್‌ಲೈನಿನಲ್ಲಿ! ಖಂಡಿಸುವ ಸುದ್ದಿಗೂ ಕ್ಲಿಕ್ ಬೇಕಲ್ಲ.

2022ರಲ್ಲಿ ಗೂಗಲ್ 'ಜನರಿಗಾಗಿ ಬರೆಯಿರಿ, ಯಂತ್ರಕ್ಕಾಗಿ ಅಲ್ಲ' ಎನ್ನುವ ಅರ್ಥದ ಇನ್ನೊಂದು ಬದಲಾವಣೆ ತಂದಿತು. ಈಗ ಉತ್ತರವನ್ನೂ ಯಂತ್ರವೇ ಬರೆದು ಮೇಲಿಡುವ ಕಾಲ. 2024ರ ಆಗಸ್ಟ್‌ನಲ್ಲಿ ಅದು ಭಾರತಕ್ಕೆ ಬಂದಾಗ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಬೆಲ್ಲದ ಅಳತೆ ಅಲ್ಲೇ ಸಿಕ್ಕಿದರೆ ಪುಟ ತೆರೆಯುವವರು ಯಾರು? ಆ ಉತ್ತರದೊಳಗೆ ತಮ್ಮ ಹೆಸರು ಬರಲಿ ಅಂತ ಮಾಡುವ ಕಸರತ್ತಿಗೆ ಆಗಲೇ ಜಿಇಒ ಅಂತ ಹೊಸ ಹೆಸರಿಟ್ಟಿದ್ದಾರೆ.

ಹಳೇ ಅಂಗಡಿಯೂ ಮುಚ್ಚಿಲ್ಲ. ನನ್ನದೊಂದು ಸಣ್ಣ ಸೈಟಿದೆ. ಮೊನ್ನೆ ಯಾರೋ ಫೋನ್ ಮಾಡಿ, ತಿಂಗಳೊಳಗೆ ಮೊದಲ ಸ್ಥಾನ ಗ್ಯಾರಂಟಿ ಸಾರ್ ಅಂದರು. ಇಂಥ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಅಂತ ಗೂಗಲ್ಲೇ ಬರೆದಿಟ್ಟಿದೆಯಲ್ಲ ಅಂದೆ. ಅದೆಲ್ಲ ನಾವು ನೋಡ್ಕೋತೀವಿ ಅಂದರು. ಸರಿ, ಯಾವ ಪದ ಹುಡುಕಿದಾಗ ಮೊದಲ ಸ್ಥಾನ ಅಂತ ಕೇಳಿದೆ.

'ನಿಮ್ಮ ಸೈಟಿನ ಹೆಸರು ಹುಡುಕಿದಾಗ ಸಾರ್.'