ತಿರುಗುವ ಚಾರ್ಜಿನ ಮೇಲೆ ಕಾಂತಬಲ: ತಟ್ಟೆಯನ್ನು ಬಳೆಗಳಾಗಿ ಬಿಡಿಸೋಣ

ಒಂದು ತೆಳು ತಟ್ಟೆ. ಅದರ ಮೇಲೆಲ್ಲ ಒಂದೇ ಸಮನಾಗಿ ಚಾರ್ಜ್ ಹರಡಿದೆ. ತಟ್ಟೆ ತನ್ನ ಅಕ್ಷದ ಸುತ್ತ ಗಿರಗಿರ ತಿರುಗುತ್ತಿದೆ. ಇದನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ ಬಲ ಎಷ್ಟು?

'ಚಾರ್ಜ್ × ವೇಗ × ಕ್ಷೇತ್ರ' ಎಂದು ಕೂಡಲೇ ಬರೆಯೋಣ ಅನ್ನಿಸುತ್ತದೆ, ಅಲ್ವಾ? ಆದರೆ ಯಾವ ವೇಗ? ಅಂಚು ಜೋರಾಗಿ ಓಡುತ್ತದೆ, ನಡುಬಿಂದು ಇದ್ದಲ್ಲೇ ಇರುತ್ತದೆ. ಅಂಚಿನ ಒಂದು ಕಡೆ ಹೀಗೆ ಹೋದರೆ ಎದುರು ಕಡೆ ಹಾಗೆ ಹೋಗುತ್ತದೆ. ಕ್ಷೇತ್ರ ಎಲ್ಲೆಡೆ ಒಂದೇ ಆಗಿದ್ದರೆ ಎದುರುಬದುರಿನ ಬಲಗಳು ಜೋಡಿಜೋಡಿಯಾಗಿ ಹೊಡೆದುಹೋಗುತ್ತವೆ. ಒಟ್ಟು ಕಾಂತಬಲ ಸೊನ್ನೆ.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಕ್ಷೇತ್ರ ತಟ್ಟೆಯ ಸಮತಲದಲ್ಲೇ ಇದ್ದರೆ ತಟ್ಟೆಯ ಒಂದು ಪಕ್ಕಕ್ಕೆ ಮೇಲೆ ಎಳೆತ, ಇನ್ನೊಂದು ಪಕ್ಕಕ್ಕೆ ಕೆಳಗೆ. ಬಲ ಸೊನ್ನೆಯಾದರೂ ಟಾರ್ಕ್, ಅಂದರೆ ತಿರುಗಿಸುವ ಎಳೆತ, ಸೊನ್ನೆಯಲ್ಲ. ಅದನ್ನು ಹುಡುಕಬೇಕು.

ತಟ್ಟೆಯನ್ನು ಒಂದರೊಳಗೊಂದು ಕೂತ ಸಣ್ಣ ದೊಡ್ಡ ಬಳೆಗಳು ಎಂದುಕೊಳ್ಳಿ. ಒಂದು ಬಳೆಯಲ್ಲಿ ಎಲ್ಲ ಚಾರ್ಜೂ ಒಂದೇ ಜೋರಿನಲ್ಲಿ ಓಡುತ್ತದೆ. ಸೆಕೆಂಡಿಗೆ ಅದು ಸುತ್ತುವುದು 'ಕೋನವೇಗ ÷ 2ಪೈ' ಸಲ. ಹಾಗಾಗಿ ಕರೆಂಟ್ = ಚಾರ್ಜ್ × ಕೋನವೇಗ ÷ 2ಪೈ. ಇದನ್ನು ಬಳೆಯ ವಿಸ್ತೀರ್ಣದಿಂದ (ಪೈ × ತ್ರಿಜ್ಯದ ವರ್ಗ) ಗುಣಿಸಿದರೆ ಸಿಗುವುದು ಕಾಂತ ಮೊಮೆಂಟ್: ಕ್ಷೇತ್ರದಲ್ಲಿ ಬಳೆಗೆ ಎಷ್ಟು ಟಾರ್ಕ್ ಎಂದು ಹೇಳುವ ಅಳತೆ. ಪೈ ಹೋಗುತ್ತದೆ, ಉಳಿಯುವುದು:

ಬಳೆಯ ಕಾಂತ ಮೊಮೆಂಟ್ = ½ × ಚಾರ್ಜ್ × ಕೋನವೇಗ × ತ್ರಿಜ್ಯದ ವರ್ಗ

ಇಡೀ ತಟ್ಟೆಗೆ ತ್ರಿಜ್ಯದ ವರ್ಗದ ಸರಾಸರಿ ಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ಸುಮ್ನೆ ಅರ್ಧ ತ್ರಿಜ್ಯ ತೆಗೆದುಕೊಂಡು ವರ್ಗ ಮಾಡಿದರೆ ಕಾಲು ಭಾಗ ಬರುತ್ತದೆ. ಅದು ತಪ್ಪು. ಹೊರಗಿನ ಬಳೆ ಉದ್ದ, ಅದರಲ್ಲಿ ಚಾರ್ಜ್ ಜಾಸ್ತಿ. ಕೂಡಿಸಿದರೆ, ಅಂದರೆ ಇಂಟಿಗ್ರೇಟ್ ಮಾಡಿದರೆ, ಸರಾಸರಿ ಸರಿಯಾಗಿ ಅರ್ಧ. ಆದ್ದರಿಂದ ತಟ್ಟೆಯ ಮೊಮೆಂಟ್ = ¼ × ಚಾರ್ಜ್ × ಕೋನವೇಗ × ತ್ರಿಜ್ಯದ ವರ್ಗ. ನಮ್ಮ ಜೋಡಣೆಯಲ್ಲಿ ಟಾರ್ಕ್ = ಮೊಮೆಂಟ್ × ಕ್ಷೇತ್ರ.

ತ್ರಿಜ್ಯದ ವರ್ಗದ ಸರಾಸರಿಗೆ ಬಂದ ಗುಣಕ ಬಳೆಗೆ 1, ತಟ್ಟೆಗೆ ½. ಈ ಅಂಕಿ ಎಲ್ಲೋ ನೋಡಿದ ಹಾಗಿದೆಯಲ್ಲ? ಪಿಯುಸಿಯ ಜಡತ್ವದ ಮೊಮೆಂಟಿನಲ್ಲಿ ಇದ್ದವು ಇವೇ! ದ್ರವ್ಯರಾಶಿ ಹರಡಿದ ಹಾಗೆಯೇ ಚಾರ್ಜ್ ಕೂಡ ಹರಡಿದ್ದರೆ, ಕಾಂತ ಮೊಮೆಂಟನ್ನು ಕೋನೀಯ ಸಂವೇಗದಿಂದ ಭಾಗಿಸಿದಾಗ ಯಾವ ಆಕಾರಕ್ಕೂ ಬರುವುದು ಒಂದೇ: ಚಾರ್ಜ್ ÷ (2 × ದ್ರವ್ಯರಾಶಿ). ನನಗೆ ಈ ಪಾಠದಲ್ಲಿ ತುಂಬ ಇಷ್ಟವಾದ ಜಾಗ ಇದು. ಎಲೆಕ್ಟ್ರಾನಿನ ಸ್ಪಿನ್‌ಗೆ (ಅದಕ್ಕೆ ಸಹಜವಾಗಿಯೇ ಇರುವ ಕೋನೀಯ ಸಂವೇಗಕ್ಕೆ) ಮಾತ್ರ ಇದರ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ. ಅದನ್ನು ಪುಟ್ಟ ತಿರುಗುವ ಗುಂಡು ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ವಿಷಯ. ಟಾರ್ಕ್ ಇದೆ ಎಂದು ತಟ್ಟೆ ಸೀದಾ ಮಗುಚಿಕೊಳ್ಳುವುದಿಲ್ಲ. ಜೋರಾಗಿ ತಿರುಗುತ್ತಿದ್ದರೆ ಓಲಾಡುವ ಬುಗುರಿಯಂತೆ ಅದರ ಅಕ್ಷವೇ ನಿಧಾನವಾಗಿ ಸುತ್ತುತ್ತದೆ.

ಅಳತೆ ಹಾಕಿ ನೋಡೋಣ. ತ್ರಿಜ್ಯ 10 ಸೆಂ.ಮೀ., ಚಾರ್ಜ್ 10⁻⁷ ಕೂಲಂಬ್, ಸೆಕೆಂಡಿಗೆ 50 ಸುತ್ತು, ಕ್ಷೇತ್ರ 0.5 ಟೆಸ್ಲಾ. ಟಾರ್ಕ್ ಸುಮಾರು 4 × 10⁻⁸ ನ್ಯೂಟನ್-ಮೀಟರ್. ಎಷ್ಟು ಚಿಕ್ಕದು! ತಿರುಗುವ ಚಾರ್ಜ್ ಕರೆಂಟಿನಂತೆಯೇ ಕಾಂತಕ್ಷೇತ್ರ ಹುಟ್ಟಿಸುತ್ತದೆ ಎಂದು 1876ರಲ್ಲಿ ಬರ್ಲಿನ್‌ನ ಹೆಲ್ಮ್‌ಹೋಲ್ಟ್ಸ್ ಪ್ರಯೋಗಾಲಯದಲ್ಲಿ ಹೆನ್ರಿ ರೋಲಂಡ್ ತೋರಿಸಿದ್ದು, ಚಿನ್ನದ ಲೇಪ ಕೊಟ್ಟ ಎಬೊನೈಟ್ (ಗಟ್ಟಿ ರಬ್ಬರ್) ತಟ್ಟೆಯನ್ನು ತಿರುಗಿಸಿ. ಇಂಥ ಸಣ್ಣ ಪರಿಣಾಮವನ್ನು ಆಗಿನ ಉಪಕರಣಗಳಲ್ಲಿ ಹಿಡಿದದ್ದು ದೊಡ್ಡ ಕೆಲಸ.

ಈಗ ನೀವೇ ಒಂದು ಮಾಡಿ: ಒಳಗೆಲ್ಲ ಚಾರ್ಜ್ ತುಂಬಿದ ಗಟ್ಟಿ ಗೋಳ. ಅದನ್ನು ತಟ್ಟೆಗಳಾಗಿ ಹೆಚ್ಚಿ, ಕೂಡಿಸಿ. ಗುಣಕ 1/5 ಬರಬೇಕು.