ರಿಟರ್ನ್ ಹಾಕೋದು ಅರ್ಧ ಗಂಟೆ, ಬಿಲ್ ತರ್ಸೋದು ಅರ್ಧ ತಿಂಗಳು

ಶಿವಮೊಗ್ಗದ ದುರ್ಗಿಗುಡಿಲಿ ಜಿಎಸ್‌ಟಿ ರಿಟರ್ನ್ ಹಾಕ್ಕೊಡೋ ನಮ್ಮ ಆಫೀಸಿರೋದು ಮಹಡಿ ಮೇಲೆ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಜಾಸ್ತಿ ಆಯ್ತು ಅಂದ್ರೆ ಕ್ಯಾಲೆಂಡರ್ ನೋಡೋದೇ ಬೇಡ, ತಾರೀಕು 19, ನಾಳೆನೇ ರಿಟರ್ನಿಗೆ ಕೊನೇ ದಿನ. ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಒಬ್ರು ಅಂಗಡಿಯವ್ರು ಬಂದು ಟೇಬಲ್ ಮೇಲೆ ಒಂದು ಕೈಚೀಲ ಇಟ್ರು, "ಎಲ್ಲಾ ಇದ್ರಲ್ಲೇ ಇದೆ ಸಾರ್, ನೋಡ್ಕಳಿ". ಮೂರು ತಿಂಗಳ ಬಿಲ್ಲು. ಅರ್ಧ ನೆಂದು ಒಂದಕ್ಕೊಂದು ಅಂಟ್ಕೊಂಡಿದ್ವು, ಇನ್ನರ್ಧ ಮಷಿನ್ ಚೀಟಿಗಳು, ಅಕ್ಷರ ಮಾಸಿ ಬರೀ ಬಿಳಿ ಕಾಗದ ಆಗಿದ್ವು. ಫ್ಯಾನ್ ಕೆಳಗೆ ಹರಡಿ ಅಡಿಕೆ ಒಣಗಿಸ್ದಂಗೆ ಒಣಗಿಸಿದ್ವಿ ಮಾರಾಯ್ರೆ.

ಕಾನೂನು ಪದೇ ಪದೇ ಬದಲಾಗೋದೇ ಕಷ್ಟ ಅಂತ ಎಲ್ರೂ ಹೇಳ್ತಾರೆ, ನನಗೇನೋ ಅದು ಅಷ್ಟು ಕಷ್ಟ ಅನ್ಸಿಲ್ಲ, ಓದ್ಕೊಂಡ್ರೆ ಆಯ್ತು. ಕಾಗದ ಕೈಗೆ ಬರೋದೇ ಕಷ್ಟ. ತಿಂಗಳು ತಿಂಗಳು ರಿಟರ್ನ್ ಹಾಕೋರಿಗೆ 11ಕ್ಕೆ ಮಾರಾಟದ ಪಟ್ಟಿ ಜಿಎಸ್‌ಟಿಆರ್-1, 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಬರತ್ತೆ, ಅಂದ್ರೆ ನಮಗೆ ಮಾರಿದವ್ರು ತೋರಿಸಿದ ಬಿಲ್ಲುಗಳ ಪಟ್ಟಿ, 20ಕ್ಕೆ 3ಬಿ, ಲೆಕ್ಕ ಹಾಕಿ ಟ್ಯಾಕ್ಸ್ ಕಟ್ಟೋ ರಿಟರ್ನ್. 2022ರ ಜನವರಿಯಿಂದ 2ಬಿಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ, ಕೊಂಡಾಗ ಕೊಟ್ಟ ಟ್ಯಾಕ್ಸನ್ನ ಕಟ್ಟೋದ್ರಲ್ಲಿ ಮುರ್ಕೊಳಂಗಿಲ್ಲ. ಅಂದ್ರೆ ನೀವು 1 ಲಕ್ಷದ ಮಾಲು ತಗೊಂಡು 18 ಪರ್ಸೆಂಟ್ ಅಂತ 18,000 ಕೊಟ್ಟಿರ್ತೀರ, ಮಾರಿದವ್ನು 11ರೊಳಗೆ ರಿಟರ್ನ್ ಹಾಕ್ಲಿಲ್ಲ ಅಂದ್ರೆ ಈ ತಿಂಗಳು ಆ 18,000 ನಿಮ್ಮ ಜೇಬಿಂದಲೇ. ತಪ್ಪು ಅವ್ನದ್ದು, ಬೈಗುಳ ನನಗೆ. ಇನ್ನು 5 ಕೋಟಿ ತನಕ ವಹಿವಾಟಿರೋರಿಗೆ ಮೂರು ತಿಂಗಳಿಗೊಂದು ರಿಟರ್ನ್ ಸ್ಕೀಮ್ ಇದೆ, ಅದನ್ನ ಕೇಳಿದವ್ರು ಟ್ಯಾಕ್ಸೂ ಮೂರು ತಿಂಗಳಿಗೇ ಅಂದ್ಕೊಂಡು ಬಿಡ್ತಾರೆ, ಹಂಗಲ್ಲ, ಮೊದಲೆರಡು ತಿಂಗಳದ್ದು ಮುಂದಿನ ತಿಂಗಳು 25ರೊಳಗೆ ಕಟ್ಟಲೇಬೇಕು.

ರಿಟರ್ನ್ ಹಾಕುವಾಗ ಕ್ಲೈಂಟ್ ಫೋನಿಗೆ ಬರೋ ಓಟಿಪಿ ಕಥೆ ಬೇರೆ. ಓಟಿಪಿಗೆ ಆಯಸ್ಸು ಹತ್ತು ನಿಮಿಷ, ನಮ್ಮ ಕ್ಲೈಂಟ್ ತೋಟದಲ್ಲಿ, ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ. ಅವ್ರು ಕೊಡೆ ಹಿಡ್ಕೊಂಡು ಹತ್ತಿ ನಂಬರ್ ಹೇಳೋಷ್ಟರಲ್ಲಿ ಟೈಮ್ ಮುಗಿದಿರತ್ತೆ, ಮತ್ತೆ ಕಳ್ಸಿದ್ರೆ ಇಲ್ಲಿ ಕರೆಂಟ್ ಹೋಗಿರತ್ತೆ.

ಮಲೆನಾಡಲ್ಲಿ ಪ್ರಾಕ್ಟೀಸ್ ಮಾಡೋನಿಗೆ ದೊಡ್ಡ ತಲೆನೋವು ಅಂದ್ರೆ "ಅಡಿಕೆಗೆ ಟ್ಯಾಕ್ಸ್ ಇಲ್ವಲ್ಲ ಸಾರ್" ಅನ್ನೋ ಮಾತು. ಸ್ವಂತ ತೋಟದ ಬೆಳೆ ಆದ್ರೆ ಸರಿ, ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ತಾನು ಬೆಳ್ದಿದ್ದು ಮಾರೋ ರೈತರಿಗೆ ಜಿಎಸ್‌ಟಿ ನೋಂದಣಿನೂ ಬೇಡ. ಆದ್ರೆ ಚೇಣಿ ಹಿಡಿಯೋರು ಬೇರೆಯವ್ರ ತೋಟದ ಹಸಿ ಅಡಿಕೆ ತಗೊಂಡು ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕ್ತಾರಲ್ಲ, ಅದು ವ್ಯಾಪಾರ. ಒಣ ಅಡಿಕೆಗೆ 5 ಪರ್ಸೆಂಟ್ ಜಿಎಸ್‌ಟಿ, ವಹಿವಾಟು 40 ಲಕ್ಷ ದಾಟಿದ್ರೆ ನೋಂದಣಿ ಬೇಕು, ಲಾಭಕ್ಕೆ ಇನ್‌ಕಮ್ ಟ್ಯಾಕ್ಸೂ ಇದೆ. ಒಂದೇ ಮನುಷ್ಯ ಎರಡೂ ಮಾಡ್ತಾನೆ, ಎರಡರ ದುಡ್ಡೂ ಒಂದೇ ಪಾಸ್‌ಬುಕ್ಕಿಗೆ ಬರತ್ತೆ, ಯಾವ್ದು ತೋಟದ್ದು ಯಾವ್ದು ಚೇಣಿದು ಅಂತ ಕೇಳಿದ್ರೆ "ನೀವೇ ಏನಾದ್ರೂ ಹಾಕಿ" ಅಂತಾರೆ. ನಾನು ಹಾಕಲ್ಲ. ಹಿಂಗಂದಿದ್ದಕ್ಕೇ ಇಬ್ರು ಕ್ಲೈಂಟ್ ಬೇರೆ ಕಡೆ ಹೋದ್ರು, ಹೋಗ್ಲಿ.

ಕೆಲಸಕ್ಕೆ ಜನ ಸಿಗಲ್ಲ ಅನ್ನೋದು ಎಲ್ಲರ ಗೋಳು, ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಕಲ್ಸಿ ಕೊಟ್ರೆ ಬೆಂಗಳೂರು ಬಸ್ ಹತ್ತುತಾರೆ.

ಫೀಸಿನ ವಿಷ್ಯಕ್ಕೆ ಬರೋಣ. ಶುರುವಲ್ಲಿ ನಾನು ಮಾಡಿದ ತಪ್ಪು ಅಂದ್ರೆ ಲೇಟ್ ಫೀ ನನ್ನ ಕೈಯಿಂದ ಕಟ್ಟಿದ್ದು. 3ಬಿ ತಡ ಆದ್ರೆ ದಿನಕ್ಕೆ 50 ರೂಪಾಯಿ, ವ್ಯವಹಾರನೇ ಇಲ್ದಿದ್ರೂ 20, ಬಾಕಿ ಟ್ಯಾಕ್ಸಿಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ಪರಿಚಯದವ್ರು, ಮನೆ ಪೂಜೆಗೆ ಕರೆಯೋರು, ಹೆಂಗೆ ಕೇಳೋದು ಅಂತ ಸುಮ್ನಿದ್ದೆ. ವರ್ಷದ ಕೊನೆಗೆ ಲೆಕ್ಕ ಹಾಕಿದ್ರೆ ಊರಿನವ್ರ ಲೆಕ್ಕ ಬರೆಯೋನ ಸ್ವಂತ ಲೆಕ್ಕನೇ ನಷ್ಟದಲ್ಲಿತ್ತು. ಈಗ ಫೀಸು ತಿಂಗಳ ಮೊದಲ ವಾರವೇ, ಬಿಲ್ಲು 8ರೊಳಗೆ ವಾಟ್ಸಾಪಲ್ಲಿ, ತಡ ಆದ್ರೆ ದಂಡ ಅವ್ರದ್ದೇ. ಇದನ್ನ ಒಂದು ಹಾಳೆಲಿ ಬರ್ದು ಸೈನ್ ಹಾಕಿಸ್ಕೊಂಡಿದೀನಿ, ಮುಖ ನೋಡ್ಕೊಂಡು ಹೇಳಕ್ಕಾಗದ್ದನ್ನ ಹಾಳೆ ಹೇಳತ್ತೆ.

ಕೈಚೀಲದ ಅಂಗಡಿಯವ್ರೂ ಸೈನ್ ಹಾಕಿದಾರೆ. ಈ ತಿಂಗಳು 7ಕ್ಕೇ 31 ಫೋಟೋ ಕಳ್ಸಿದ್ರು, ಭಾರಿ ಖುಷಿ ಆಯ್ತು. ತೆಗೆದು ನೋಡಿದ್ರೆ ಒಂಬತ್ತರಲ್ಲಿ ಜಿಎಸ್‌ಟಿ ನಂಬರ್ ಮೇಲೇ ಅವ್ರ ಹೆಬ್ಬೆಟ್ಟು.