ಟರ್ಕಿ ಕೋಳಿಯ ಗಾಯ: ಅಂಗಾಲಿನ ಗಂಟು ಯಾಕೆ ತಾನಾಗೇ ಒಡೆಯಲ್ಲ?

ಕೊಡಗಿನ ಮಳೆಗಾಲದಲ್ಲಿ ಟರ್ಕಿ ಸಾಕುವವರು ಮೊದಲು ನೋಡಬೇಕಾದ್ದು ಕಾಲು. ಜೂನ್ ಬಂತೆಂದರೆ ಗೂಡಿನ ಹಾಸು ಒಣಗುವುದೇ ಕಷ್ಟ. ಒದ್ದೆಯಲ್ಲಿ ನಿಂತು ನಿಂತು ಅಂಗಾಲಿನ ಚರ್ಮ ಮೆತ್ತಗಾಗುತ್ತದೆ, ಆಮೇಲೆ ಒಂದು ಮುಳ್ಳೋ ಸೌದೆ ಸಿಬಿರೋ ಚುಚ್ಚಿದರೆ ಸಾಕು, ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಒಳಗೆ ಸೇರಿ ಊತ ಬರುತ್ತದೆ. ಊತದ ನಡುವೆ ಕಪ್ಪು ಹಕ್ಕಳೆ. ಇದೇ ಬಂಬಲ್‌ಫುಟ್.

ನನ್ನ ತಲೆಗೆ ಹೋಗದೆ ಸತಾಯಿಸಿದ್ದು ಇಲ್ಲೇ. ಕುರು ಅಂದಮೇಲೆ ಹಣ್ಣಾಗಿ ಒಡೆದು ಕೀವು ಸುರಿಯಬೇಕು ಅಲ್ವಾ? ಹಕ್ಕಿಗಳಲ್ಲಿ ಹಾಗಾಗಲ್ಲ. ನಮ್ಮ ರಕ್ತದ ನ್ಯೂಟ್ರೋಫಿಲ್ ಕಣಗಳು ಸತ್ತ ಭಾಗವನ್ನು ಕರಗಿಸುತ್ತವೆ, ಅದಕ್ಕೇ ನಮ್ಮ ಕೀವು ನೀರಾಗಿರುತ್ತದೆ. ಹಕ್ಕಿಗಳಲ್ಲಿ ಅದೇ ಜಾಗದಲ್ಲಿರುವುದು ಹೆಟೆರೋಫಿಲ್. ಅದಕ್ಕೆ ಹಾಗೆ ಕರಗಿಸುವ ಶಕ್ತಿ ಕಡಿಮೆ. ಹಾಗಾಗಿ ಕೀವು ಹರಿಯುವುದಿಲ್ಲ, ಪನೀರಿನ ಹಾಗೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಸೂಜಿ ಚುಚ್ಚಿದರೂ ಏನೂ ಬರಲ್ಲ. ಹಿಸುಕಿದರಂತೂ ಸೋಂಕು ಇನ್ನೂ ಒಳಕ್ಕೆ, ಸ್ನಾಯುರಜ್ಜು ಮೂಳೆವರೆಗೂ ಹೋಗಬಹುದು. ಇದು ಅರ್ಥವಾದರೆ ಚಿಕಿತ್ಸೆ ಬಾಯಿಪಾಠ ಮಾಡಬೇಕಾಗಿಲ್ಲ.

ಬರೀ ಕೆಂಪಾಗಿ, ಸ್ವಲ್ಪ ಊದಿದ್ದರೆ ಉಗುರುಬೆಚ್ಚನೆ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ತೆಳುವಾಗಿಸಿದ ಪೊವಿಡೋನ್ ಅಯೋಡಿನ್ (ಗಾಯದ ನಂಜುನಿವಾರಕ) ಹಚ್ಚಿ, ಒಣ ಹಾಸಿನ ಮೇಲೆ ಬಿಡಿ. ಮುಟ್ಟಿದರೆ ಗಟ್ಟಿ ಗಂಟು ಸಿಕ್ಕಿತೋ, ಹಕ್ಕಿ ಕುಂಟುತ್ತಿದೆಯೋ, ಪಶುವೈದ್ಯರೇ ತೆಗೆಯಬೇಕು. ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮಾಂಸ, ಮೊಟ್ಟೆ ತಿನ್ನಬಾರದು ಅಂತ ಅವರನ್ನೇ ಕೇಳಿಕೊಳ್ಳಿ. ಈ ಬ್ಯಾಕ್ಟೀರಿಯಾ ನಮಗೂ ಸೋಂಕು ತರುತ್ತದೆ, ಗ್ಲೌಸ್ ಬೇಕೇ ಬೇಕು.

ಬೇರೆ ಗಾಯಗಳು ಇಷ್ಟು ಕಷ್ಟವಲ್ಲ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ತೊಳೆಯಲು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. ಗಾಯವಾದ ಹಕ್ಕಿಯನ್ನು ಕೂಡಲೇ ಬೇರೆ ಇಡಿ, ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ಕೊಂದೇಬಿಡುತ್ತವೆ. ನೊಣ ಕೂತರೆ ಹುಳ ಬೀಳುತ್ತದೆ, ದಿನಾ ಪುಕ್ಕ ಸರಿಸಿ ನೋಡಿ. ಗಂಡು ಹತ್ತುವಾಗ ಹೆಣ್ಣಿನ ಬೆನ್ನು, ಪಕ್ಕೆ ಸೀಳುವುದುಂಟು. ಗಂಡಿನ ಉಗುರಿನ ತುದಿ ಕತ್ತರಿಸಿ, ಆದರೆ ರಕ್ತನಾಳಕ್ಕೆ ತಾಗದ ಹಾಗೆ.

ತಡೆಯುವ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೂರುವ ಕೋಲಿನ ಎತ್ತರ. ನಾಟಿ ಕೋಳಿ ಸ್ವಲ್ಪ ಎತ್ತರದಿಂದ ಹಾರಿದರೂ ನಡೆಯುತ್ತದೆ. ಮಾಂಸದ ತಳಿಯ ಗಂಡು ಟರ್ಕಿ ಹತ್ತು ಕಿಲೋ ದಾಟುತ್ತದೆ, ಅಷ್ಟು ಭಾರ ಮೇಲಿಂದ ಸಿಮೆಂಟಿನ ಕಣಕ್ಕೆ ಧುಮುಕಿದರೆ ಪೂರ್ತಿ ಪೆಟ್ಟು ಅಂಗಾಲಿಗೇ. ಕೋಲು ನಿಮ್ಮ ಮೊಣಕಾಲಿಗಿಂತ ಕೆಳಗಿರಲಿ, ಅಗಲವಾಗಿರಲಿ, ಕೆಳಗೆ ಭತ್ತದ ಹೊಟ್ಟು ದಪ್ಪಗೆ ಹರಡಿ. ಒಂದು ಹಿಡಿ ಹೊಟ್ಟು ಎತ್ತಿ ಹಿಂಡಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ಅದು ಒದ್ದೆ, ಅವತ್ತೇ ಬದಲಿಸಿ.